ಚಂದ್ರಾಮಪ್ಪನ ಕ್ಯಾಮೆರಾದ ಸಪ್ಪಳ

ನಾಸಿಕದ ಸಾತಪುರದಲ್ಲಿ ಬೀದರ್ ಕಡೆಯವರ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಉಸಿರು ಬಿಗಿಹಿಡಿದ ಮುಖಗಳು ಕಾಣುತ್ತವೆ. ಅವೆಲ್ಲ ಚಂದ್ರಾಮಪ್ಪ ತೆಗೆದ ಫೋಟೋಗಳು. ಭಾಲ್ಕಿಯಿಂದ ಬಂದು ಸ್ಟುಡಿಯೋ ತೆರೆದ ಇಪ್ಪತ್ತೆರಡು ವರ್ಷಗಳಲ್ಲಿ ಆತ ತನ್ನ ಜನಕ್ಕೆ ಒಂದೇ ಕಾಯ್ದೆ ಕಲಿಸಿದ್ದ: "ಸಪ್ಪಳ ಬರೂ ತನಕ ಯಾರೂ ಅಲುಗಬ್ಯಾಡ್ರಿ." ಅವನ ಕ್ಯಾಮೆರಾ ಕಬ್ಬಿಣದ ಕಪಾಟಿನ ಬಾಗಿಲು ಬಡಿದ ಹಾಗೆ 'ಖಟಕ್' ಅಂದಮೇಲೆಯೇ ದೊಡ್ಡವರು ಉಸಿರು ಬಿಡುತ್ತಿದ್ದರು, ಮಕ್ಕಳು ಮೂಗು ಒರೆಸಿಕೊಳ್ಳುತ್ತಿದ್ದವು.

ಇಂಥವನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಗೆಳೆಯ ವಿಶ್ವನಾಥಪ್ಪನ ಮಗಳು ರುಚಿತಾಳ ಮದುವೆಯಲ್ಲಿ. ಅವಳ ತೊಟ್ಟಿಲಿನಿಂದ ಹಿಡಿದು ಕಾಲೇಜಿನ ಪದವಿಯ ತನಕ ಎಲ್ಲವೂ ಅವನ ಕ್ಯಾಮೆರಾದೊಳಗೆ ಹಾದುಬಂದದ್ದು. ಮದುವೆ ಸಂಭಾಜಿನಗರದಲ್ಲಿ, ಗಂಡಿನವರಿರುವ ವಾಳೂಜ್ ಹತ್ತಿರದ ಮಂಗಲ ಕಾರ್ಯಾಲಯದಲ್ಲಿ. ಬ್ಯಾಟರಿ ಚಾರ್ಜ್ ಮಾಡಿಟ್ಟು ಕಾದಿದ್ದವನ ಮುಂದೆ ವಿಶ್ವನಾಥಪ್ಪ ಲಗ್ನಪತ್ರಿಕೆ ಇಟ್ಟು, ತನ್ನ ಚಪ್ಪಲಿಯನ್ನೇ ನೋಡುತ್ತ ಹೇಳಿದ:

"ಚಂದ್ರಾಮ, ಈ ಸಲ ನೀ ಕೆಲಸಕ್ಕ ಬ್ಯಾಡ, ಪಾಹುಣ್ಯಾ ಆಗಿ ಬಾ. ಆರಾಮ ಕೂತು ಉಣ್ಣು. ಫೋಟೋಕ್ಕ ಹುಡುಗಿ ವಾಳೂಜಿನ ಯತಿರಾಜಗ ಹೇಳ್ಯಾಳ."

"ಕಾಕಾ, ರಾಗ್ ನಕೋ ಹಾಂ, ಸಿಟ್ಟಾಗಬ್ಯಾಡ್ರಿ," ಎಂದಳು ಅಪ್ಪನ ಜೊತೆಗೇ ಬಂದಿದ್ದ ರುಚಿತಾ. "ಅವಂದು ಮಿರರ್‌ಲೆಸ್ ಅದ. ನಮ್ಮ ಕಣ್ಣು ಎಲ್ಲಿ ಅವ ಅಂತ ಕ್ಯಾಮೆರಾನೇ ಹುಡಕ್ತದ."

"ಕ್ಯಾಮೆರಾ ಕಣ್ಣು ಹುಡುಕಿದ್ರ ಫೋಟೋಗ್ರಾಫರ್ ಏನು ಹುಡಕ್ತಾನ? ಜಿಲೇಬಿ?"

ಮಾತಿಗೆ ಹಾಗಂದನೇ ಹೊರತು, ಮರುದಿನವೇ ದೊಡ್ಡ ಅಂಗಡಿಗೆ ಹೋಗಿ ಒಂದು ಮಿರರ್‌ಲೆಸ್ ಕ್ಯಾಮೆರಾ ಕೈಯಲ್ಲಿ ಹಿಡಿದು ನೋಡಿದ. ಹಗುರಾಗಿತ್ತು, ಅದೇ ಅವನಿಗೆ ಭಾರವಾಯಿತು. ತನ್ನದರಂಥ, ಒಳಗೆ ಕನ್ನಡಿ ಬಡಿದು ಸಪ್ಪಳ ಮಾಡುವ ಕ್ಯಾಮೆರಾಗಳ ಹೊಸ ಮಾಡೆಲ್ಲು ಈಗ ಬರುವುದೇ ಅಪರೂಪವಂತೆ. ಅವನ ಮೂರು ಲೆನ್ಸುಗಳನ್ನು ಹೊಸದಕ್ಕೆ ಕೂಡಿಸಬೇಕಾದರೆ ನಡುವೆ ಒಂದು ಅಡಾಪ್ಟರ್ ಬೇಕಂತೆ, ಮುನಿದ ಬೀಗರ ನಡುವೆ ಹಿರಿಯನೊಬ್ಬ ಬೇಕಾಗುವ ಹಾಗೆ.

"ಕನ್ನಡಿ ಇಲ್ಲದ್ದು ಅದೆಂಥ ಕ್ಯಾಮೆರಾ? ಕನ್ನಡಿ ಇಲ್ಲದ ಮನಿ ಇರ್ತದೇನು?" ಎಂದು ಹೆಂಡತಿ ಜಯಮಾಲಾಳ ಮುಂದೆ ಗುಡುಗಿದ.

"ನಮ್ಮನ್ಯಾಗಿನ ಕನ್ನಡಿ ಒಡದು ಆರು ತಿಂಗಳಾತು. ನಡದದಲ್ಲ," ಎಂದಳು ಆಕೆ.

ಮದುವೆಯ ದಿನ ನಸುಕಿನಲ್ಲಿ ಚಂದ್ರಾಮಪ್ಪ ಒಂದು ಪಣ ತೊಟ್ಟ. ಆ ಲಗ್ನದ ಒಂದು ಫೋಟೋವೂ ತನ್ನ ಕಾರ್ಡಿನಲ್ಲಿ ಇಳಿಯಬಾರದು! ಮೆಮರಿ ಕಾರ್ಡ್ ತೆಗೆದು ದೇವರ ಮುಂದೆ ಇಟ್ಟ. ಕ್ಯಾಮೆರಾವನ್ನು ಮಾತ್ರ ಕೊರಳಿಗೆ ಹಾಕಿಕೊಂಡ. ಅದಿಲ್ಲದೆ ಹೋದರೆ ಜನ ಗುರುತು ಹಿಡಿಯಬೇಕಲ್ಲ? ಮೊಣಕಾಲು ನೋವಿನ ಜಯಮಾಲಾ ಮನೆಯಲ್ಲೇ ಉಳಿದಳು.

ಕಾರ್ಯಾಲಯದಲ್ಲಿ ಯತಿರಾಜ್ ಬಂದು ಕಾಲು ಮುಟ್ಟಿದ. ಹುಡುಗ ಸೊಕ್ಕಿನವನಾಗಿದ್ದರೆ ಚಂದ್ರಾಮಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದವು. ಮನೆಮಂದಿಯೆಲ್ಲ ವೇದಿಕೆ ಹತ್ತಿ ನಿಂತರು. ನಡುವೆ ಕುರ್ಚಿಯಲ್ಲಿ ವಿಶ್ವನಾಥಪ್ಪನ ತಾಯಿ, ಎಂಬತ್ತನಾಲ್ಕರ ನಾಗಮ್ಮ. ಯತಿರಾಜ್ ಕ್ಯಾಮೆರಾ ಎತ್ತಿದ, ಇಳಿಸಿದ. "ಆತ್ರಿ," ಎಂದ.

ಯಾರೂ ಅಲುಗಲಿಲ್ಲ.

"ಅಜ್ಜೀ, ಆತ್ರಿ. ಹನ್ನೆರಡು ತಗದೀನಿ."

ನಾಗಮ್ಮ ತುಟಿ ಅಲುಗಿಸದೆ ಕೇಳಿದಳು: "ಸಪ್ಪಳ?"

"ಇದಕ್ಕ ಸಪ್ಪಳ ಇಲ್ರಿ."

"ಸಪ್ಪಳ ಇಲ್ಲದ್ದು ಫೋಟೋ ಹೆಂಗಾಗ್ತದೋ ತಮ್ಮಾ? ನಮಗೇನು ಹುಚ್ಚು ಹಿಡದದ?"

ಯತಿರಾಜ್ ಮೆನುವಿನಲ್ಲಿ ತಡಕಾಡಿ ಒಂದು ಸಪ್ಪಳ ಹಚ್ಚಿದ. ವಾಜಂತ್ರಿಯ ಗದ್ದಲದಲ್ಲಿ ಅದು ಸೊಳ್ಳೆ ಕೆಮ್ಮಿದಷ್ಟೂ ಕೇಳಲಿಲ್ಲ. ಮದುಮಗ ಅಕ್ಷಯನ ಮುಖ ಉಸಿರು ಹಿಡಿದು ಕೆಂಪಾಗತೊಡಗಿತ್ತು. ಕೊನೆಗೆ ಯತಿರಾಜ್ ಬಂದು ಕೈ ಜೋಡಿಸಿದ: "ಕಾಕಾ, ಉಪಕಾರ ಮಾಡ್ರಿ. ನನ್ನ ಬಾಜೂಕ ನಿಂತು ನೀವೂ ಹೊಡೀರಿ."

ಚಂದ್ರಾಮಪ್ಪ ಅವನ ಪಕ್ಕ ನಿಲ್ಲುತ್ತಾನೆಯೆ? ಎಡಕ್ಕೆ ಆರು ಹೆಜ್ಜೆ ಸರಿದು, ತನ್ನದೇ ಕೋನ ಹಿಡಿದು, "ಒಂದ... ಎರಡ..." ಎಂದು ಒತ್ತಿದ. ಖಟಕ್! ಎರಡೂ ಬಳಗಗಳು ಒಮ್ಮೆಲೇ ಉಸಿರು ಬಿಟ್ಟವು. "ಈಗ ಬಂತು ನೋಡು ಫೋಟೋ," ಎಂದಳು ನಾಗಮ್ಮ. ಮುಂದೆ ಒಂಬತ್ತು ಗುಂಪುಗಳಿಗೂ ಹೀಗೇ ನಡೆಯಿತು. ಚಂದ್ರಾಮಪ್ಪನ ಎದೆ ಕ್ಯಾಮೆರಾ ಸಮೇತ ಎರಡು ಬೆರಳು ಮುಂದೆ ಬಂತು.

ಊಟದ ಪಂಗತಿಯಲ್ಲಿ ಯತಿರಾಜ್ ಮುಖ ಸಣ್ಣದು ಮಾಡಿಕೊಂಡು ಬಂದ. ಅವನ ಕ್ಯಾಮೆರಾದ ಪರದೆಯಲ್ಲಿ ಪ್ರತಿಯೊಬ್ಬರ ಕಣ್ಣೂ ರೆಪ್ಪೆ ಎಣಿಸುವಷ್ಟು ನಿಚ್ಚಳವಾಗಿತ್ತು. ಅಷ್ಟೂ ಕಣ್ಣು ಎಡಕ್ಕೆ ನೋಡುತ್ತಿದ್ದವು, ಚಂದ್ರಾಮಪ್ಪನ ಕಡೆ.

"ಇಂಥ ಕ್ಯಾಮೆರಾ ಇದ್ದೂ, ನೀವು ನಿಂತ ಮ್ಯಾಲ ನನ್ನ ಕಡೆ ಒಬ್ಬರೂ ನೋಡಿಲ್ರಿ ಕಾಕಾ," ಎಂದ. ಹುಡುಗನ ದನಿಯಲ್ಲೂ ಸಣ್ಣ ಉರಿ ಇತ್ತು. "ನಿಮ್ಮ ಕಾರ್ಡ್ ಕೊಡ್ರಿ. ಅಲ್ಬಮ್ಮಿನ್ಯಾಗ ನಿಮ್ಮ ಫೋಟೋನೇ ಹಾಕ್ತೀನಿ, ಹೆಸರು ಸಹಿತ."

ತಿಂಗಳಿಂದ ಬಯಸಿದ ಮಾತು ಕಿವಿಗೆ ಬಿತ್ತು, ಚಂದ್ರಾಮಪ್ಪ ಕಚ್ಚಿದ ಜಿಲೇಬಿಯನ್ನು ಎಲೆಗೆ ಇಳಿಸಿದ. ಕಾರ್ಡು ಸಾತಪುರದಲ್ಲಿ ದೇವರ ಮುಂದೆ ಕೂತಿತ್ತು.

"ನನ್ನ ಫೋಟೋ ನಾ ಹೊರಗ ಕೊಡೂದಿಲ್ಲ. ಅದು ನನ್ನ ತತ್ವ."

ಪಕ್ಕದಿಂದ ನಾಗಮ್ಮ, "ನಂಗಂತೂ ದೊಡ್ಡದು ಮಾಡಿ ಕೊಡು ಚಂದ್ರಾಮ. ಗ್ವಾಡಿಗಿ ಮೊಳಿ ಹೊಡಸೇ ಬಂದೀನಿ," ಎಂದಳು.

ಚಂದ್ರಾಮಪ್ಪ ಅರ್ಧ ಊಟಕ್ಕೇ ಎದ್ದ. "ಎಲ್ಲಾರೂ ಮತ್ತ ಸ್ಟೇಜ್ ಹತ್ರಿ! ಆಗ ಬೆಳಕು ಸರಿ ಇರ್ಲಿಲ್ಲ!" ಎಂದು ಕೂಗಿದ. ಈ ಸಲ ಯತಿರಾಜನ ಬೆನ್ನ ಹಿಂದೆ ನಿಂತು, ಅವನ ತಲೆಯ ಮೇಲಿಂದ ಕ್ಯಾಮೆರಾ ಹಿಡಿದು, "ಒಂದ... ಎರಡ..." ಖಟಕ್!

ಅದೇ ಗಳಿಗೆಗೆ ಯತಿರಾಜನೂ ಒತ್ತಿದ್ದ; ಅವನ ಪರದೆಯ ಮೇಲೆ ನಾಗಮ್ಮ ನೇರ ನೋಡುತ್ತಿದ್ದಳು. ಯತಿರಾಜ್ ದೊಡ್ಡದು ಮಾಡಿದಾಗ ಅವಳ ಕಣ್ಣಿನ ಹೊಳಪಿನೊಳಗೆ, ಒಬ್ಬನ ತಲೆಯ ಮೇಲೆ ಇನ್ನೊಬ್ಬ, ಇಬ್ಬರು ಫೋಟೋಗ್ರಾಫರುಗಳು ಎಳ್ಳಿನಷ್ಟು ಕಂಡರು. ತನ್ನ ಕ್ಯಾಮೆರಾಕ್ಕೆ ಏಳು ಜನ್ಮಕ್ಕೂ ಇದು ಸಾಧ್ಯವಿಲ್ಲವೆಂದು ಚಂದ್ರಾಮಪ್ಪನಿಗೆ ಗೊತ್ತಿತ್ತು. ಬಹಳ ಹೊತ್ತು ನೋಡಿದ.

"ನಡೀತದ," ಎಂದ.

ಸಂಜೆ ಮನೆಯ ಹೊಸ್ತಿಲಲ್ಲೇ ಹೆಂಡತಿಗೆ ವರದಿ ಒಪ್ಪಿಸಿದ: "ನಾ ಇಲ್ದಿದ್ರ ಅವಂಗ ಒಂದು ಫೋಟೋನೂ ಬರ್ತಿರ್ಲಿಲ್ಲ."

"ಹೌದೇನ್ರಿ?" ಎಂದು ಜಯಮಾಲಾ ದೇವರ ಮುಂದಿನಿಂದ ಕಾರ್ಡ್ ತಂದು ಅಂಗೈಯಲ್ಲಿಟ್ಟಳು. "ಪೂಜಾಕ್ಕ ಇಟ್ಟೀರಿ ಅಂತ ಮೂರು ಬೆರಳು ವಿಭೂತಿ ಎಳದೀನಿ. ಒಳಗ ಹೋಗ್ಯಾದೇನೋ, ಒಂದಿಷ್ಟು ಊದಿ ನೋಡ್ರಿ."