ಜಯಕ್ಕನ ಬಾಳೆನಾರಿನ ಗೋಡೆ

ಕಳೆದ ಏಪ್ರಿಲ್‌ನ ಮೊದಲ ಸೋಮವಾರ, ಕೆ. ಹೊಸಕೋಟೆ ಹೋಬಳಿಯ ಒಂದು ಊರಿನಲ್ಲಿ, ವಸತಿ ಯೋಜನೆಯ ಮನೆಗಳನ್ನು ನೋಡಲು ಬಂದ ಎಂಜಿನಿಯರ್ ಜಯಕ್ಕನ ಗೋಡೆಯ ಫೋಟೊ ತೆಗೆಯಲು ಒಪ್ಪಲಿಲ್ಲ. ಆ ಗೋಡೆ ಕಟ್ಟಿ ಮಿಕ್ಕಿದ ಅರ್ಧ ಇಟ್ಟಿಗೆಯೊಂದು ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಕೂತಿದೆ. ಮುರಿದ ಬದಿಯಿಂದ ಬಾಳೆಯ ನಾರು, ಜಡೆಯಿಂದ ತಪ್ಪಿಸಿಕೊಂಡ ಕೂದಲಿನಂತೆ, ಹೊರಗೆ ಇಣುಕುತ್ತದೆ.

ಗೆಳೆಯರೇ, ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಗೊನೆ ಕಡಿದ ಬಾಳೆಯ ದಿಂಡನ್ನು ತೋಟದ ಅಂಚಿಗೆ ಎಸೆಯುತ್ತೇವೆ. ಕಾಫಿ ಹೊಟ್ಟನ್ನು ಸ್ಟೋರಿನ ಹಿಂದೆ ಗುಡ್ಡೆ ಹಾಕಿ ಮರೆಯುತ್ತೇವೆ. ಎಸ್ಟೇಟಿನಲ್ಲಿ ದುಡಿದು ವಯಸ್ಸಾದ ಜಯಕ್ಕ ಮರೆಯಲಿಲ್ಲ. ದಿಂಡನ್ನು ಹೆರೆದು ನಾರು ತೆಗೆದು, ಬೆರಳುದ್ದ ಕತ್ತರಿಸಿ, ಹೊಟ್ಟಿನ ಜೊತೆ ಮಣ್ಣಿಗೆ ಸೇರಿಸಿ, ವಾರವಿಡೀ ನೆನೆಯಲು ಬಿಟ್ಟು, ಹುಳಿವಾಸನೆ ಬಂದ ಮೇಲೆ ತುಳಿದು, ಅಚ್ಚಿಗೆ ಹಾಕಿ ಇಟ್ಟಿಗೆ ಮಾಡುವುದು ಅವರ ಕ್ರಮ. ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಒಣಗುವಾಗ ಬಿರುಕು ಬಿಡಗೊಡುವುದಿಲ್ಲ. ಸುಡಲು ಸೌದೆ ಬೇಡ, ಬಿಸಿಲು ಸಾಕು.

ಮಳೆಗಾಲಕ್ಕೆ ಮುಂಚೆ ಅವರು ಎಸ್ಟೇಟಿನ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ಬಿಡಬೇಕಿತ್ತು. ಗೋಡೆಯ ಫೋಟೊ ಕಚೇರಿಗೆ ಹೋಗದೆ ಚಾವಣಿಗೆ ಯೋಜನೆಯ ಹಣ ಬಾರದು.

“ಕಸ ಕಲಸಿ ಗೋಡೆ ಕಟ್ಟಿದ್ದೀಯಲ್ಲಮ್ಮ. ಇದನ್ನ ಮನೆ ಅಂತ ಹೆಂಗೆ ಬರೀಲಿ?” ಎಂದರು ಎಂಜಿನಿಯರ್.

“ಕಸ ಅಲ್ಲ ಸಾರ್, ನಾರು ಐತೆ. ಹೋದ ತಿಂಗಳು ನೀವೇ ಗುಡ್ಡದ ಮ್ಯಾಲಿನ ರೆಸಾರ್ಟಲ್ಲಿ ಇಂಥದೇ ಗೋಡೆ ಮುಂದೆ ನಿಂತ್ಕಂಡು ಫೋಟೊ ಹೊಡೆಸ್ಕಂಡ್ರಲ್ಲ? ಅದನ್ನ ತುಳಿದೋಳೂ ನಾನೇ ಕಣ್ರೀ.”

“ಅದು ಡಿಸೈನು. ಇದು ಬರೀ ಮಣ್ಣು.”

“ಹಂಗಾರೆ ನನ್ ಕಾಲೂ ಡಿಸೈನು ಅಂತ ಬರ್ದ್ಬುಡಿ ಸಾರ್.”

ಸುತ್ತ ನಿಂತವರು ನಕ್ಕರು. ಎಂಜಿನಿಯರ್ ಬೈಕ್ ಏರಿ ಹೊರಟರು.

ಜಯಕ್ಕ ಹೇಳಿದ್ದು ನಿಜ. ಆ ರೆಸಾರ್ಟಿನ ಉದ್ಘಾಟನೆಯ ವರದಿ ಬರೆದವನು ನಾನೇ. ‘ಪರಿಸರಸ್ನೇಹಿ’ ಎಂಬ ಮಾತು ಶೀರ್ಷಿಕೆಯಲ್ಲೇ ಇತ್ತು. ಮಾಲೀಕರ ಹೆಸರಿತ್ತು, ವಿನ್ಯಾಸಕಾರರ ಹೆಸರಿತ್ತು. ಮಣ್ಣು ತುಳಿದವರು ಯಾರೆಂದು ನಾನು ಕೇಳಿರಲೇ ಇಲ್ಲ. ಒಂದೇ ಕಾಲು ತುಳಿದ ಒಂದೇ ಹದದ ಮಣ್ಣು, ವಾರಾಂತ್ಯಕ್ಕೆ ಬಂದು ಹೋಗುವವರ ಗುಡ್ಡದಲ್ಲಿ ಸೊಬಗು, ಬಾಳುವವರ ಅಂಗಳದಲ್ಲಿ ಕಸ. ಆ ಇಟ್ಟಿಗೆಯನ್ನು ಯಾರಾದರೂ ನೀರಿಗೆ ಹಾಕಿ, ಭಾರ ಹೇರಿ, ಇದು ತಡೆಯದು ಎಂದು ತೋರಿಸಿದ್ದರೆ ನಾನು ಒಪ್ಪಿ ಸುಮ್ಮನಾಗುತ್ತಿದ್ದೆ. ಯಾರೂ ಬೆರಳಿನಿಂದ ತಟ್ಟಿ ಸಹ ನೋಡಲಿಲ್ಲ. ಎಲ್ಲಿಯೋ ಕುಲುಮೆಯಲ್ಲಿ ಬೆಂದ ಸಿಮೆಂಟನ್ನು ಲಾರಿಯಲ್ಲಿ ಈ ಗುಡ್ಡಗಳಿಗೆ ಹತ್ತಿಸುತ್ತೇವೆ, ಕಾಲಬುಡದ ನಾರನ್ನು ಕೊಳೆಯಲು ಬಿಡುತ್ತೇವೆ, ಆಮೇಲೆ ಸಭೆ ಸೇರಿ ಸುಸ್ಥಿರತೆಯ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತೇವೆ.

ಮೇ ತಿಂಗಳಲ್ಲಿ ಮೋಡ ಕಟ್ಟತೊಡಗಿದಾಗ ಜಯಕ್ಕ ರಸ್ತೆಯ ಕಡೆಯ ಗೋಡೆಗೆ ಸಿಮೆಂಟು ಬಳಿಸಿದರು.

“ಗೋಡೆಗೆ ಉಸ್ರು ಕಟ್ತೈತೆ, ಗೊತ್ತು ಮಾರಾಯ್ರೇ. ಆದ್ರೆ ಮಳೆ ಕಾಯಲ್ವಲ್ಲ,” ಎಂದರು ನನಗೆ.

ಎಂಜಿನಿಯರ್ ಬಂದರು, ಆ ಒಂದು ಬದಿಯ ಫೋಟೊ ತೆಗೆದರು. ಚಾವಣಿ ಏರಿತು. ಜಯಕ್ಕ ಲೈನ್ ಮನೆಯ ಬೀಗದ ಕೈ ಒಪ್ಪಿಸಿದರು.

ಅರ್ಧ ಇಟ್ಟಿಗೆ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಕೆಳಗಿರುವುದು ಈಗ ಬೇರೆ ಕಾಗದ: ಜಯಕ್ಕ ತಂದುಕೊಟ್ಟ, ಅವರ ಮನೆಯ ಕಡತದ ನಕಲು. ಜುಲೈ ಮಳೆಗೆ ರಸ್ತೆ ಬದಿಯ ಸಿಮೆಂಟು ಹಪ್ಪಳದಂತೆ ಎದ್ದು ಉದುರಿದೆ. ಮಣ್ಣನ್ನೇ ಮೆತ್ತಿದ ಉಳಿದ ಮೂರು ಗೋಡೆಗಳಲ್ಲಿ ಬಿರುಕಿಲ್ಲ. ಕಡತದಲ್ಲಿ ‘ಗೋಡೆ’ ಎಂಬುದರ ಮುಂದೆ ‘ಸಿಮೆಂಟ್ ಬ್ಲಾಕ್’ ಎಂದು ಬರೆದಿದೆ.