ಕವಡೆಯ ಮೇಲೆ ಹೋಗಿಬಂದ ಶಿವಮೊಗ್ಗ

ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಕರೆಂಟ್ ಇದ್ದಾಗ ನನಗೆ ಪುರುಸೊತ್ತಿಲ್ಲ, ಇಲ್ಲದಾಗ ಪುರುಸೊತ್ತು ಬಿಟ್ಟು ಬೇರೇನೂ ಇಲ್ಲ. ಆ ಪುರುಸೊತ್ತಿನಲ್ಲಿ ನಾನೊಂದು ಆಟ ಆಡುತ್ತೇನೆ. ಬಹಳ ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ನಲವತ್ತಾರು ವರ್ಷದ ಹೆಂಗಸು ಒಬ್ಬಳೇ ಕೂತು ಆಡುತ್ತಾಳೆ ಎಂದರೆ ಜನ ಮೊದಲು ಮುಖ ನೋಡುತ್ತಾರೆ, ಆಮೇಲೆ ತಲೆ ಸರಿಯಿದೆಯಾ ಎಂದು ನೋಡುತ್ತಾರೆ.

ಆಟ ನನ್ನ ಕೈಗೆ ಬಂದದ್ದೇ ತಪ್ಪಿನಿಂದ. ಹೋಂಸ್ಟೇಗೆ ಬಂದಿದ್ದ ಒಬ್ಬರು ಪೆನ್‌ಡ್ರೈವ್ ಕೊಟ್ಟು ಇಂಗ್ಲಿಷ್ ಪುಸ್ತಕವೊಂದನ್ನು ಪ್ರಿಂಟ್ ಹಾಕಿಕೊಡಲು ಹೇಳಿದರು. ಒಂದು ಕಾಪಿ ಎನ್ನುವ ಕಡೆ ನಾನು ಎರಡು ಒತ್ತಿಬಿಟ್ಟೆ. ಅವರು ಒಂದನ್ನು ತೆಗೆದುಕೊಂಡು ಹೋದರು. ಉಳಿದದ್ದನ್ನು ಸಿಟ್ಟಿನಲ್ಲಿ ಹರಿಯಲು ಹೊರಟವಳು, ಮೊದಲ ಪುಟದ ಚಿತ್ರ ನೋಡಿ ನಿಂತೆ. ಫೋನಿನಲ್ಲಿ ಅರ್ಥ ಹುಡುಕಿಕೊಂಡು ಎರಡು ತಿಂಗಳು ಓದಿದೆ.

ಅದು ನಾಲ್ಕಾರು ಜನ ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ. ನನ್ನ ಪಾತ್ರ ಈಗ ಇಂಥದ್ದು ಮಾಡುತ್ತದೆ ಎಂದು ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಹಾಗೆ ಕತೆ ಮುಂದಕ್ಕೆ ಹೋಗುತ್ತದೆ. ಕೊನೆಯ ಅಧ್ಯಾಯ ಮಾತ್ರ ಜೊತೆ ಇಲ್ಲದವರಿಗೆ. ಒಬ್ಬರೇ ಇದ್ದೀರಾ, ಚಿಂತೆಯಿಲ್ಲ, ದಾಳವನ್ನೇ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಎಂದಿತ್ತು. ಮದುವೆ ಮುರಿದು ಹದಿನೈದು ವರ್ಷ ಒಂಟಿಯಾಗಿದ್ದ ನನಗೆ, ಒಂಟಿತನವನ್ನು ಅಯ್ಯೋ ಪಾಪ ಎನ್ನದೆ ಮಾತಾಡಿಸಿದ್ದು ಆ ಅಧ್ಯಾಯವೇ ಮೊದಲು.

ಪುಸ್ತಕ ಕೇಳುವ ಹತ್ತು ಮುಖದ ದಾಳ ನಮ್ಮ ಕಡೆ ಎಲ್ಲಿ ಸಿಗಬೇಕು? ಅಮ್ಮನ ಚೌಕಾಬಾರದ ನಾಲ್ಕು ಕವಡೆ ಮನೆಯಲ್ಲಿದ್ದವು, ಅವನ್ನೇ ತಂದೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ಮೂರಾದರೆ ಹೌದು. ಎರಡಾದರೆ ಹೌದು, ಆದರೆ ಏನೋ ಒಂದು ತೊಡಕು. ಒಂದಾದರೆ ಇಲ್ಲ. ನಾಲ್ಕೂ ಬೋರಲು ಬಿದ್ದರೆ ಬಾರ. ಚೌಕಾಬಾರದಲ್ಲಿ ಅದಕ್ಕೆ ಎಂಟು ಮನೆ, ನನ್ನ ಆಟದಲ್ಲಿ ಮಾತ್ರ ಪೂರ್ತಿ ಕೆಟ್ಟಿತು ಎಂದು ಲೆಕ್ಕ. ಪುಸ್ತಕದ ಡ್ರ್ಯಾಗನ್ ನನ್ನ ತಲೆಗೆ ಹತ್ತಲಿಲ್ಲ, ಬದಲಿಗೆ ನಮ್ಮ ಕಾಡುಕೋಣ ಕಾಟಿಯನ್ನು ಹಾಕಿಕೊಂಡೆ. ಖಡ್ಗದ ವೀರನ ಬದಲು ಬಸ್ಸಿಲ್ಲದ ಕಾಡಿನಲ್ಲಿ ಕಾಗದ ಹಂಚುವ ಅಂಚೆಯವಳೊಬ್ಬಳನ್ನು ಮಾಡಿಕೊಂಡೆ. ಅವಳಿಗೆ ನನ್ನದೇ ಸಿಟ್ಟು, ಆದರೆ ನನಗಿಲ್ಲದ ಕಾಲಿನ ಕಸುವು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಅಂಚೆಯವಳು ಹೊಳೆ ದಾಟುವುದರಲ್ಲಿದ್ದಳು, ನಾನು ಕೌಂಟರಿನ ಮೇಲೆ ಕವಡೆ ಹಾಕಿ ಬರೆದುಕೊಳ್ಳುತ್ತಿದ್ದೆ. ಎಸ್ಟೇಟಿನಲ್ಲಿ ಕೂಲಿಗೆ ಹೋಗುವ ಒಬ್ಬಾಕೆ ಬಂದು ನಿಂತಳು. ಗುರುತಿನವಳೇ. ನಾಲ್ಕು ತಿಂಗಳಲ್ಲಿ ಮೂರು ಸಲ ಆಧಾರ್, ರೇಷನ್ ಕಾರ್ಡು ಜೆರಾಕ್ಸ್ ಮಾಡಿಸಿದ್ದಳು. ಪ್ರತಿ ಸಲವೂ ಆಸ್ಪತ್ರೆಗೆ ಎನ್ನುತ್ತಿದ್ದಳು. ಆ ದಿನವೂ ಅದಕ್ಕೇ ಬಂದವಳು ಕವಡೆ ನೋಡಿ ಕಣ್ಣರಳಿಸಿ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೈ ಮುಗಿದಳು.

"ಅಕ್ಕಾ, ನೀವು ಪ್ರಶ್ನೆ ನೋಡ್ತೀರಿ ಅಂತ ಇಷ್ಟ್ ದಿನ ಗೊತ್ತೇ ಇರ್ಲಿಲ್ಲ."

ಕವಡೆ ಶಾಸ್ತ್ರ ಅಲ್ಲ ಮಾರಾಯ್ತಿ, ಇದು ಆಟ ಎಂದೆ. ಅವಳು ನಂಬಲಿಲ್ಲ.

"ಗೊತ್ತಿದ್ದೋರು ಯಾರು ಗೊತ್ತುಂಟು ಅಂತಾರೆ ಹೇಳಿ. ಎದೇಲಿ ಒಂದು ಗಂಟು ಉಂಟಕ್ಕಾ. ಕೊಪ್ಪದ ಲೇಡಿ ಡಾಕ್ಟ್ರು ಶಿವಮೊಗ್ಗಕ್ಕೆ ಹೋಗು ಅಂತ ಚೀಟಿ ಕೊಟ್ಟು ನಾಲ್ಕು ತಿಂಗ್ಳಾತು. ಹೋಗ್ಲಾ ಬ್ಯಾಡ್ವಾ, ಒಂದ್ಸಲ ನೋಡಿ ಹೇಳಿ."

ನಾನು ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಕವಡೆ ಎತ್ತಿ, ಕಣ್ಣಿಗೊತ್ತಿಕೊಂಡು ಹಾಕಿಬಿಟ್ಟಳು. ನಾಲ್ಕೂ ಬೋರಲು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಬ್ಯಾಡ ಅಂತಾ?"

ನನ್ನ ಪೊಳ್ಳು ಆಟದಿಂದ ಒಂದು ಜೀವ ಮನೆಯಲ್ಲೇ ಕೂತುಬಿಡುತ್ತದಲ್ಲ ಎಂದು ಹೆದರಿದೆ. ಇದೆಲ್ಲ ಸುಳ್ಳು ಎಂದು ಎಷ್ಟು ಹೇಳಿದರೂ ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ಆಗ ಪುಸ್ತಕದ ಮೊದಲ ನಿಯಮ ನೆನಪಾಯಿತು. ಮಾಡಲೋ ಬೇಡವೋ ಎಂದು ದಾಳವನ್ನು ಕೇಳುವ ಹಾಗಿಲ್ಲ. ಏನು ಮಾಡುತ್ತೇನೆಂದು ಮೊದಲು ನೀನು ಹೇಳಬೇಕು.

"ನೀನು ಕೇಳಿದ್ದೇ ತಪ್ಪು, ಅದಕ್ಕೇ ಹಾಗೆ ಬಿತ್ತು," ಎಂದೆ. "ಹೋಗ್ಲಾ ಅಂತ ಇದನ್ನ ಕೇಳ್ಬಾರ್ದು. ಹೋಗ್ತೀನಿ ಅಂತ ಹೇಳಿ ಹಾಕ್ಬೇಕು. ಕೂತ್ಕೋ ಇಲ್ಲಿ."

ಸ್ಟೂಲು ಕೊಟ್ಟೆ. ಅವಳು ಅನುಮಾನದಲ್ಲೇ, "ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ," ಎಂದು ಹಾಕಿದಳು. ಒಂದು.

"ಬಸ್ಸು ತಪ್ಪಿತು. ಈಗ ಎಂತ ಮಾಡ್ತಿ?"

"ಎಂತ ಮಾಡೋದು, ಯಾವ್ದಾದ್ರೂ ಗಾಡಿಗೆ ಕೈ ಹಿಡ್ದು ಎನ್.ಆರ್. ಪುರಕ್ಕೆ ಹೋಗ್ತೀನಿ. ಅಲ್ಲಿಂದ ಬೇಕಾದಷ್ಟು ಬಸ್ಸುಂಟು."

ಎರಡು. ಗಾಡಿ ಸಿಕ್ಕಿತು, ಆದರೆ ಹಿಂದೆ ಬಾಳೆಗೊನೆಯ ಜೊತೆ ಕೂರಬೇಕು ಎಂದೆ. ಅವಳಿಗೆ ನಗು ಬಂತು. ಹಾಗೇ ಕವಡೆ ಹಾಕುತ್ತಾ ಆಸ್ಪತ್ರೆ ತಲುಪಿದೆವು, ಕ್ಯೂ ನಿಂತೆವು. ಅವಳು ಅಲ್ಲಿ ಯಾರೋ ನಡುವೆ ನುಗ್ಗಿದವರ ಜೊತೆ ಜಗಳವನ್ನೂ ಆಡಿದಳು, ಗೆದ್ದಳು. ಆಮೇಲೆ ನಾನು, ಲೇಡಿ ಡಾಕ್ಟರಾ ನೋಡು ಎಂದೆ. ಒಂದು ಬಿತ್ತು.

"ಗಂಡಸು ಡಾಕ್ಟ್ರು," ಎಂದೆ.

ಅವಳ ಕೈ ನಿಂತಿತು. ಸೆರಗು ಎಳೆದು ಎದೆ ತುಂಬ ಹೊದ್ದುಕೊಂಡಳು. ನಾಲ್ಕು ತಿಂಗಳು ಅವಳನ್ನು ಹಿಡಿದಿಟ್ಟಿದ್ದು ಇದು ಎಂದು ನನಗೆ ಅರ್ಥವಾಯಿತು. ನಾನು ಏನೂ ಹೇಳಿಕೊಡಲಿಲ್ಲ. ಆಟದಲ್ಲಿ ಇನ್ನೊಬ್ಬರ ಪಾತ್ರದ ಮಾತನ್ನು ನಾವು ಆಡಬಾರದು.

"ನರ್ಸಮ್ಮನ್ನ ಒಳಗೆ ಕರೀರಿ, ಆಮೇಲೆ ನೋಡಿ ಅಂತೀನಿ," ಎಂದು ಕೊನೆಗೆ ಹಾಕಿದಳು.

ಮೂರು ಬಿತ್ತು. ಹೌದು, ಕರೆದರು ಎಂದೆ. ಅವಳು, ಗಂಟು ಎಂಥದ್ದು ಅಂತಲೂ ನೋಡಿಬಿಡೋಣ ಎಂದು ಕವಡೆಗೆ ಕೈ ಹಾಕಿದಳು. ನಾನು ಮುಷ್ಟಿಯಲ್ಲಿ ಮುಚ್ಚಿಕೊಂಡುಬಿಟ್ಟೆ. ಅದನ್ನು ಡಾಕ್ಟರೇ ಹೇಳಬೇಕು, ಸೋಮವಾರ ಹೋಗೋಣ ಎಂದೆ. ಹೋಗು ಎನ್ನಲು ಹೊರಟಿದ್ದೆ, ಬಾಯಲ್ಲಿ ಹೋಗೋಣ ಎಂದು ಬಂತು. ಹಾಗೆ ಬಂದದ್ದಕ್ಕೆ ಇವತ್ತಿಗೂ ಸಂತೋಷವಿದೆ.

ಸೋಮವಾರ ಅಂಗಡಿಗೆ ಬೀಗ ಹಾಕಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಕೂರಲು ಸೀಟೂ ಸಿಕ್ಕಿತು. ಡಾಕ್ಟರು ಮಾತ್ರ ಗಂಡಸೇ. ಅವರು ತಲೆಯೆತ್ತುವ ಮೊದಲೇ ಇವಳು ನರ್ಸಮ್ಮನ್ನ ಕರೀರಿ ಎಂದದ್ದು ಹೊರಗಿದ್ದ ನನಗೂ ಕೇಳಿಸಿತು. ಗಂಟು ಒಳ್ಳೆಯದಲ್ಲ ಎಂದು ಟೆಸ್ಟಿನಲ್ಲಿ ಬಂತು. ಇನ್ನೂ ಚಿಕ್ಕದಿದೆ, ಇನ್ನಷ್ಟು ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಪರೇಷನ್ ಆಯಿತು, ಔಷಧಿ ಮುಗಿಯಿತು. ಈಗ ಕೂದಲು ಮತ್ತೆ ಬಂದಿದೆ, ಎಸ್ಟೇಟಿನಲ್ಲಿ ಹಗುರ ಕೆಲಸಕ್ಕೆ ಹೋಗುತ್ತಾಳೆ. ಹೆದರಿಕೆ ಆಗಲಿಲ್ಲವಾ ಎಂದು ಒಮ್ಮೆ ಕೇಳಿದ್ದೆ. "ಒಂದ್ಸಲ ಹೋಗಿ ಬಂದಿದ್ದೆ ಅಲ್ದಾ ಅಕ್ಕಾ," ಎಂದಳು.

ಎರಡು ಎಂದು ಒತ್ತಿದ ನನ್ನ ಬೆರಳಿಗೆ, ಆ ಕವಡೆಗೆ, ಅವಳ ತಪ್ಪು ತಿಳುವಳಿಕೆಗೆ ನಾನು ಋಣಿ. ಅವಳಿಗೆ ನಾನು ಉಪಕಾರ ಮಾಡಿದೆ ಎಂದು ಊರಲ್ಲಿ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಲೆಕ್ಕ ಉಲ್ಟಾ ಇದೆ. ಆಪರೇಷನ್ನಿನ ಬೆಳಿಗ್ಗೆ ನೆಮ್ಮಾರಿನಲ್ಲಿರುವ ಅವಳ ಮಗಳು ಇನ್ನೂ ಬಂದಿರಲಿಲ್ಲ. ರೋಗಿಯ ಜೊತೆಗಿರುವವರಿಗೆ ಕೊಡುವ ಪಾಸು ಬರೆಯಲು ನರ್ಸ್ ಬಂದಳು. ಹೆಸರು ಬರೆದುಕೊಂಡು, "ಸಂಬಂಧ ಏನು?" ಎಂದು ನನ್ನನ್ನು ಕೇಳಿದಳು. ಹಾಗೆ ಕೇಳುವವರೇ ಇಲ್ಲದೆ ಹದಿನೈದು ವರ್ಷವಾಗಿತ್ತು.

ಹಸಿರು ಗೌನಿನಲ್ಲಿ ಮಲಗಿದ್ದವಳು ತಲೆಯೆತ್ತಿ, "ಒಟ್ಟಿಗೆ ಆಡೋರು ಅಂತ ಬರೀರಿ," ಎಂದಳು.

ನರ್ಸ್ ನಕ್ಕು ಹಾಗೆಯೇ ಬರೆದಳು. ಆ ಪಾಸನ್ನು ಕೈಯಲ್ಲಿ ಹಿಡಿದು ನಾನು ಮೂರು ಗಂಟೆ ಬಾಗಿಲ ಹೊರಗೆ ಕೂತಿದ್ದೆ.