ಮಗಳ ಮಣಿಕಟ್ಟಿನಲ್ಲಿ ನನ್ನ ಗಾಳಿ

ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಉಡುಪಿ ಹೋಟೆಲು. ಗಲ್ಲಾದಲ್ಲಿ ಕೂತು ಕೂತು ನನ್ನ ಬಾಯಿಗೆ ಒಂದು ಚಾಳಿ ಅಂಟಿಕೊಂಡಿದೆ. ಗಿರಾಕಿ ಬಾಗಿಲಲ್ಲಿ ನಿಂತು ‘ವಡಾ ಆಹೇ?’ ಎಂದರೆ ಸಾಕು, ಒಳಗೆ ವಡೆ ಉಂಟೋ ಇಲ್ಲವೋ ನೋಡುವ ಮೊದಲೇ ‘ಆಹೇ, ಆಹೇ, ಬಸಾ’ ಎಂದುಬಿಡುತ್ತೇನೆ. ಇದೆ ಇದೆ, ಕೂತ್ಕೊಳ್ಳಿ. ಒಮ್ಮೆ ಕೂತವನು ವಡೆ ಇಲ್ಲದಿದ್ದರೆ ದೋಸೆಯನ್ನಾದರೂ ತಿಂದು ಹೋಗುತ್ತಾನೆ. ಈ ಆಹೇ ಆಹೇ ನನ್ನ ಜೊತೆ ಈಜುಕೊಳದ ತಳದವರೆಗೂ ಇಳಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು!

ನನ್ನ ಮಗಳು ಸ್ಕೂಬಾ ಡೈವಿಂಗ್ ಕಲಿಸುತ್ತಾಳೆ. ಶನಿವಾರ, ಭಾನುವಾರ ನೆರೂಳದ ಒಂದು ಈಜುಕೊಳದಲ್ಲಿ ಪಾಠ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಕಡಲಿಗೆ ಹೋಗುತ್ತಾಳೆ. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಒಳ್ಳೆಯ ನೌಕರಿ ಬಿಟ್ಟು ಅವಳು ಈ ಕೆಲಸಕ್ಕೆ ಹೊರಟಾಗ ನಾನು ಮನೆ ಹಾರಿಹೋಗುವ ಹಾಗೆ ಕೂಗಾಡಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗೆ ಕೂಗಾಡಿದವನೇ ಮುಂದೆ ಅವಳ ಕೊಳಕ್ಕೆ ಇಳಿದೆ. ಅದಕ್ಕೆ ಕಾರಣ ನನ್ನ ಅಮ್ಮ.

ಅಮ್ಮನ ತವರು ಮುರುಡೇಶ್ವರದ ಪಕ್ಕದ ಊರು. ಅಲ್ಲಿಯ ದಡದಲ್ಲಿ ನಿಂತರೆ ದೂರದ ನೀರಿನಲ್ಲಿ ನೇತ್ರಾಣಿ ಗುಡ್ಡ ಕಾಣುತ್ತದೆ. ಗಂಡಸರು ದೋಣಿಯಲ್ಲಿ ಹೋಗಿ ಬರುತ್ತಿದ್ದರು, ಹೆಣ್ಣುಮಕ್ಕಳು ದಡದಲ್ಲಿ ನಿಂತು ನೋಡಬೇಕು. ಮೊಮ್ಮಗಳು ಅದೇ ಗುಡ್ಡದ ಬುಡದಲ್ಲಿ ನೀರಿನೊಳಗೆ ಮುಳುಗಿ ಬಂದಳೆಂದು ಕೇಳಿದ ದಿನ ಅಮ್ಮ ಅವಳ ಬೆನ್ನು ಬಿಡಲಿಲ್ಲ. “ಎಂತ ಉಂಟೇ ಅಡಿಯಲ್ಲಿ? ಹೇಳೇ!” ಮಗಳು ಹೇಳಿದಳು, ಆದರೆ ಮೀನಿಗೂ ಇಂಗ್ಲಿಷ್ ಹೆಸರು, ಕಲ್ಲಿಗೂ ಇಂಗ್ಲಿಷ್ ಹೆಸರು. ಅಮ್ಮ ನನ್ನ ಕಡೆ ತಿರುಗಿದಳು. “ನೀನೊಂದ್ಸಲ ಹೋಗಿ ನೋಡಿ ಬಾ ಮಗಾ. ನೀನಾದ್ರೆ ನನಗೆ ತಿಳಿಯೋ ಹಾಗೆ ಹೇಳ್ತಿ.”

ನಾನು ಹುಟ್ಟಾ ಸಸ್ಯಾಹಾರಿ, ಮೀನನ್ನು ಹತ್ತಿರದಿಂದ ನೋಡಿದವನೇ ಅಲ್ಲ! ಆದರೆ ಅಮ್ಮ ತನಗಾಗಿ ಎಂದು ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಡಾಕ್ಟರರಿಂದ ಒಪ್ಪಿಗೆ ಬರೆಸಿಕೊಂಡೆ. ಭಾನುವಾರ ಮಧ್ಯಾಹ್ನ ಗಲ್ಲಾವನ್ನು ಹೆಂಡತಿಗೆ ಒಪ್ಪಿಸಿ, ಠಾಣೆಯಲ್ಲಿ ಲೋಕಲ್ ಬದಲಿಸಿ ನೆರೂಳಕ್ಕೆ ಹೋಗತೊಡಗಿದೆ.

ನೀರಿನಡಿ ಮಾತಿಲ್ಲ, ಕೈಸನ್ನೆ ಮಾತ್ರ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ಮಗಳು ಸನ್ನೆ ಮಾಡಿದರೆ, ನಾನು ಗೇಜು ನೋಡಿ ಬೆರಳಿನಲ್ಲಿ ಲೆಕ್ಕ ತೋರಿಸಬೇಕು. ನಾನೋ, ಗೇಜಿನ ಕಡೆ ಕಣ್ಣೂ ಹಾಯಿಸದೆ ‘ಎಲ್ಲ ಸರಿ’ ಎಂದು ಬೆರಳು ಮಡಚಿ ತೋರಿಸುತ್ತಿದ್ದೆ. ಒಂದು ದಿನ ಹಾಗೆ ತೋರಿಸಿದ ಸ್ವಲ್ಪ ಹೊತ್ತಿಗೆ ಉಸಿರು ಎಳೆದರೆ ಗಾಳಿಯೇ ಬರಲಿಲ್ಲ. ಮಗಳು ತನ್ನ ಸಿಲಿಂಡರಿನ ಇನ್ನೊಂದು ನಳಿಕೆಯನ್ನು ನನ್ನ ಬಾಯಿಗೆ ತುರುಕಿ ಮೇಲೆ ಎಳೆದು ತಂದಳು. ದಡ ಹತ್ತಿದ ಮೇಲೆ ನನ್ನ ಗೇಜನ್ನು ನನ್ನ ಮುಖಕ್ಕೇ ಹಿಡಿದಳು. “ಪಪ್ಪಾ, ಹೇ ಹೋಟೆಲ್ ನಾಹೀ! ಇಲ್ಲೂ ಆಹೇ ಆಹೇ ಅಂತೀಯಾ?” ಅವಳು ಕನ್ನಡ ಮಾತಾಡಿದ್ದು ಕೇಳಿಯೇ ನನಗೆ ಹೆದರಿಕೆಯಾಯಿತು.

ಮುಂದಿನ ವಾರ ಅವಳು ಒಂದು ಟ್ರಾನ್ಸ್‌ಮಿಟರ್ ತಂದಳು. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ತುಂಡು. ಗ್ಯಾಸ್ ಸಿಲಿಂಡರಿಗೆ ಇರುವ ಹಾಗೆ ಈ ಗಾಳಿ ಸಿಲಿಂಡರಿನ ತಲೆಗೂ ಒಂದು ರೆಗ್ಯುಲೇಟರ್ ಇರುತ್ತದೆ. ಅದರ ಒಂದು ತೂತಿಗೆ ಇದನ್ನು ತಿರುಪಿ ಕೂರಿಸುವುದು. ಸಿಲಿಂಡರ್ ತೆರೆದೊಡನೆ ಎಚ್ಚರವಾಗಿ, ಒಳಗೆ ಎಷ್ಟು ಗಾಳಿಯಿದೆ ಎಂಬುದನ್ನು ತಂತಿಯಿಲ್ಲದೆ ಕೈಗಡಿಯಾರದಂಥ ಕಂಪ್ಯೂಟರಿಗೆ ಕಳಿಸುತ್ತದೆ. ಅವಳ ಗಡಿಯಾರದಲ್ಲಿ ಮೇಲೆ ಅವಳ ಗಾಳಿ, ಕೆಳಗೆ ನನ್ನದು. “ನನ್ನ ಕೈಮೇಲೆ ನಿನ್ನ ನಂಬರ್ ಕಾಣಿಸಿದ್ರೆ ಮಾತ್ರ ನೀನು ಸಮುದ್ರಕ್ಕೆ ಇಳಿಯೋದು. ರೂಲ್ ಮ್ಹಣಜೇ ರೂಲ್,” ಎಂದಳು. ರೂಲ್ ಅಂದರೆ ರೂಲ್; ಹೂಂ ಎಂದೆ. ನನ್ನ ಉಸಿರಿನ ಲೆಕ್ಕ ನನ್ನ ಮಗಳ ಮಣಿಕಟ್ಟಿನಲ್ಲಿ! ಮೊದಲು ನಾಚಿಕೆಯಾಯಿತು, ಆಮೇಲೆ ಯಾಕೋ ಖುಷಿಯಾಯಿತು.

ಆ ಕಪ್ಪು ತುಂಡಿನ ಚಾಕರಿ ನನ್ನ ಪಾಲಿಗೆ ಬಂತು. ಗ್ರೈಂಡರು, ಬಾಯ್ಲರು ಬಿಚ್ಚಿ ಜೋಡಿಸಿದ ಕೈ ಅಲ್ಲವೇ? ಅದನ್ನು ಕೈಯಲ್ಲೇ ತಿರುಪಬೇಕು, ಸ್ಪ್ಯಾನರ್ ಕೊನೆಗೆ ಸ್ವಲ್ಪವೇ ತಾಗಿಸಬೇಕು. ನೀರಿನಿಂದ ಬಂದಮೇಲೆ ರೆಗ್ಯುಲೇಟರಿನ ಬಾಯಿಗೆ ಮುಚ್ಚಳ ಹಾಕಿ ಸಿಹಿನೀರಿನಲ್ಲಿ ತೊಳೆಯಬೇಕು. ಎಲ್ಲಕ್ಕಿಂತ ದೊಡ್ಡದು, ಅದನ್ನು ಹಿಡಿಕೆಯ ಹಾಗೆ ಹಿಡಿದು ಎತ್ತಬಾರದು. ಕಲಿಯಲು ಬಂದ ಹುಡುಗರು ಚಾದ ಕಪ್ ಎತ್ತುವ ಹಾಗೆ ಅದನ್ನೇ ಹಿಡಿದು ಎತ್ತುತ್ತಿದ್ದರು. “ಅರೇ ಬಾಬಾ, ಹ್ಯಾಂಡಲ್ ನಹೀಂ ಹೈ ವೋ!” ಎಂದು ನಾನು ಕೊಳದ ಆಚೆಗೂ ಕೇಳುವಂತೆ ಬೊಬ್ಬೆ ಹಾಕುತ್ತಿದ್ದೆ. ಮನೆಯಲ್ಲಿ ಅಮ್ಮ ಅದಕ್ಕೆ ‘ಸೀಟಿ’ ಎಂದು ಹೆಸರಿಟ್ಟಳು. ಕುಕ್ಕರಿನ ಸೀಟಿಯ ಹಾಗೆ ಇದೂ ಒಳಗಿನ ಒತ್ತಡ ಹೇಳುವುದೇ ತಾನೇ, ಹೆಸರು ಸರಿಯಾಗಿಯೇ ಇತ್ತು.

ಮೇ ತಿಂಗಳಲ್ಲಿ, ಮಳೆಗೆ ಮುಂಚಿನ ಕೊನೆಯ ನೇತ್ರಾಣಿ ಪ್ರವಾಸಕ್ಕೆ ಮಗಳು ನನ್ನನ್ನೂ ಸೇರಿಸಿಕೊಂಡಳು. ಹೊರಡುವ ಮೊದಲು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಸೀಟಿಗೆ ಹೊಸ ಬ್ಯಾಟರಿ ಹಾಕಲು ಕೂತೆ. ನಾಣ್ಯದಿಂದ ಮುಚ್ಚಳ ತಿರುಗಿಸಿದರೆ ಅದರ ಕೊರಳಲ್ಲಿ ಬಳೆಗಿಂತ ಸಣ್ಣ ರಬ್ಬರ್ ಉಂಗುರ. ನೀರು ಒಳಗೆ ಹೋಗದಂತೆ ತಡೆಯುವುದು ಅದೊಂದೇ. ಅದಕ್ಕೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕು, ಬೇರೆ ಎಣ್ಣೆ ತಾಗಿದರೆ ಆ ರಬ್ಬರು ಉಬ್ಬುತ್ತದೆ. ಅಷ್ಟರಲ್ಲಿ ಹೋಟೆಲಿನಿಂದ ಫೋನು, ಬಾಯ್ಲರ್ ಕೆಟ್ಟಿದೆಯೆಂದು. ಬಾಲ್ಕನಿಗೆ ಹೋಗಿ ಮೆಕ್ಯಾನಿಕ್ಕಿನ ಜನ್ಮ ಜಾಲಾಡಿ ಬಂದು ನೋಡಿದರೆ ಉಂಗುರ ಮುಚ್ಚಳದಲ್ಲಿ ಕೂತು ಮಿರಮಿರ ಹೊಳೆಯುತ್ತಿತ್ತು. ಗ್ರೀಸು ಆಗಲೇ ಸವರಿದ್ದೇನೆ ಎಂದುಕೊಂಡು ಮುಚ್ಚಿದೆ.

ಮುರುಡೇಶ್ವರದಲ್ಲಿ ಮೊದಲ ದಿನ ಅಲ್ಲಿಯ ಕೊಳದಲ್ಲಿ ಅಭ್ಯಾಸ. ಮಗಳ ಕೈಮೇಲೆ ನನ್ನ ನಂಬರು ಚೆನ್ನಾಗಿಯೇ ಬಂತು. ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ನೇತ್ರಾಣಿ ಹತ್ತಿರ ಬರುತ್ತಾ ಬರುತ್ತಾ ಗುಡ್ಡ ದೊಡ್ಡದಾಯಿತು, ಬಂಡೆಗಳ ಮೇಲೆ ಬಿಳಿ ಹಕ್ಕಿಗಳು, ಕೆಳಗೆ ಹಸಿರು ಗಾಜಿನಂಥ ನೀರು. ಅಮ್ಮ ಇಲ್ಲಿರಬೇಕಿತ್ತು ಎನ್ನಿಸಿತು. ಜಾಕೆಟ್ ಹಾಕಿಕೊಂಡು ಸಿಲಿಂಡರ್ ತೆರೆದೆ. ಮಗಳ ಗಡಿಯಾರದಲ್ಲಿ ನನ್ನ ಜಾಗದಲ್ಲಿ ಎರಡು ಗೆರೆ, ಅಷ್ಟೇ. ಮುಚ್ಚಿ ತೆರೆದೆವು, ಗಡಿಯಾರವನ್ನು ಅದರ ಪಕ್ಕಕ್ಕೇ ಹಿಡಿದೆವು. ಗೆರೆ ಗೆರೆಯೇ.

ನನ್ನ ತಲೆ ಕೆಟ್ಟುಹೋಯಿತು. ಡುಪ್ಲಿಕೇಟ್ ಬ್ಯಾಟರಿ ಕೊಟ್ಟ ಅಂಗಡಿಯವನನ್ನು ಬಾಯಿಗೆ ಬಂದ ಹಾಗೆ ಬೈದೆ. ಮಧ್ಯೆ ಬಂದ ದೋಣಿಯವನಿಗೂ ಎರಡು ಬೈಗುಳ ಬಿದ್ದವು. ಬೈಯುತ್ತಲೇ ಸಿಲಿಂಡರ್ ಮುಚ್ಚಿ, ನಳಿಕೆಯಲ್ಲಿ ಉಳಿದ ಗಾಳಿ ಬಿಟ್ಟು, ಸೀಟಿ ಒರೆಸಿ, ನಾಣ್ಯ ಹಾಕಿ ಮುಚ್ಚಳ ತಿರುಗಿಸಿದೆ. ಉಂಗುರ ಉಬ್ಬಿ ಒಂದು ಕಡೆ ಹೊರಗೆ ಬಂದಿತ್ತು. ಒಳಗೆ ನೀರು, ಬ್ಯಾಟರಿಯ ತಲೆಯ ಮೇಲೆ ಹಸಿರು ಕಿಲುಬು. ಮೂಗಿಗೆ ಬಂದದ್ದು ತೆಂಗಿನೆಣ್ಣೆಯ ವಾಸನೆ.

ಅದು ಅಮ್ಮನ ಬೆರಳಿನ ವಾಸನೆ. ಕುಕ್ಕರಿನ ರಬ್ಬರು, ಬಾಗಿಲಿನ ತಿರುಗಣೆ, ಮೊಮ್ಮಗಳ ತಲೆ, ಒಣಗಿದ್ದು ಏನು ಕಂಡರೂ ಅಮ್ಮನ ಕೈ ಎಣ್ಣೆಯ ಬಾಟಲಿಗೆ ಹೋಗುತ್ತದೆ. ಮಗಳೂ ಬಗ್ಗಿ ಮೂಸಿದಳು. “ಆಜೀ?” ಎಂದಳು ಮೆಲ್ಲಗೆ. ತಲೆಯಾಡಿಸಿದೆ.

ಬೇರೆ ಟ್ರಾನ್ಸ್‌ಮಿಟರ್ ದೋಣಿಯಲ್ಲಿರಲಿಲ್ಲ. ಗೇಜು ಇದೆಯಲ್ಲೇ, ಈ ಸಲ ನೋಡಿ ನೋಡಿ ಹೇಳುತ್ತೇನೆ, ನಿನ್ನಾಣೆ ಎಂದೆ. ಮಗಳ ಕಣ್ಣಲ್ಲಿ ನೀರು ಬಂತು, ಆದರೆ ಮಾತು ಬದಲಾಗಲಿಲ್ಲ. “ನಾಹೀ ಪಪ್ಪಾ. ನಿನ್ನ ಆಹೇ ಆಹೇ ನಂಬಿ ನಾನು ನಿನ್ನನ್ನ ಕೆಳಗೆ ಒಯ್ಯಲ್ಲ.” ಉಳಿದವರನ್ನು ಕರೆದುಕೊಂಡು ಅವಳು ನೀರಿಗೆ ಹಾರಿದಳು. ನಾನು ನನ್ನ ಸಿಲಿಂಡರಿನ ಪಕ್ಕ ಕೂತು ಗುಳ್ಳೆಗಳನ್ನು ನೋಡಿದೆ. ಮರುದಿನ ಕಡಲು ಎದ್ದಿತು, ದೋಣಿ ಬಿಡಲಿಲ್ಲ. ನನ್ನ ಸಿಲಿಂಡರು ತಂದ ಹಾಗೆಯೇ, ತುಂಬಿದ್ದು ತುಂಬಿದಂತೆ ವಾಪಸು ಹೋಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. “ನೋಡಿದ್ಯಾ ಮಗಾ?” ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು. “ಆ ಸೀಟಿಯ ರಬ್ಬರು ಒಣಗಿಹೋಗಿತ್ತು ಮಾರಾಯ. ನೀನು ಫೋನಲ್ಲಿದ್ದೆ. ನಾನೇ ಒಂದು ಹನಿ ಎಣ್ಣೆ ಹಚ್ಚಿ ಇಟ್ಟೆ. ಒಳ್ಳೇದಾಯ್ತಲ್ಲ?”

ಮಗಳು ಗೋಡೆಯ ಕಡೆ ತಿರುಗಿದಳು. “ಒಳ್ಳೇದಾಯ್ತು ಅಮ್ಮ,” ಎಂದೆ. “ನೋಡಿದೆ.” ಆಮೇಲೆ ಸೋಫಾದಲ್ಲಿ ಕೂತು, ಮಗಳು ರೈಲಿನಲ್ಲಿ ಹೇಳಿದ್ದನ್ನೆಲ್ಲ ನನ್ನ ಕನ್ನಡದಲ್ಲಿ ಹೇಳಿದೆ. ಹೂಕೋಸಿನಂಥ ಕಲ್ಲು, ಜರಿಯಂಚಿನ ಮೀನು, ಬಂಡೆಯ ಸಂದಿಯಿಂದ ಇಣುಕುವ ಹಾವಿನಂಥದ್ದು. ಅಮ್ಮ ಕೈ ಕಟ್ಟಿಕೊಂಡು ಕೇಳಿದಳು. ಮರುದಿನ ಬಿಲ್ಡಿಂಗಿಗೆಲ್ಲ ಸುದ್ದಿಯಾಯಿತು.

ಚಳಿಗಾಲ ಬರಲಿ, ನಿಜವಾಗಿ ನೋಡಿಕೊಂಡು ಬಂದು ಆ ಸುಳ್ಳನ್ನು ತೊಳೆದುಬಿಡುತ್ತೇನೆ ಎಂದುಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಎದೆ ಕೈಕೊಟ್ಟಿತು. ಎರಡು ಸ್ಟೆಂಟ್ ಹಾಕಿದ ಡಾಕ್ಟರು ಡೈವಿಂಗ್ ಮಾತು ಇನ್ನು ಎತ್ತಲೇಬೇಡಿ ಎಂದರು. ಆಪರೇಷನ್ನಿಗಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು. ಈಗಲೂ ಭಾನುವಾರ ನೆರೂಳಕ್ಕೆ ಹೋಗುತ್ತೇನೆ. ಕೊಳದ ಕಟ್ಟೆಯ ಮೇಲೆ ಕೂತು ಶಿಷ್ಯರ ಸೀಟಿಗಳಿಗೆ ಬ್ಯಾಟರಿ ಹಾಕುತ್ತೇನೆ, ಗ್ರೀಸು ಸವರುತ್ತೇನೆ. ಮಗಳ ಗಡಿಯಾರದಲ್ಲಿ ಕೆಳಗಿನ ಸಾಲಿನಲ್ಲಿ ಈಗ ಯಾರ ಯಾರದೋ ಗಾಳಿ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಅಮ್ಮ ಮಾತ್ರ ಬಿಡುವುದಿಲ್ಲ. ಸಂಜೆ ದೀಪ ಹಚ್ಚಿ ಬಂದು ಕೂತರೆ, “ಆ ಜರಿಯಂಚಿನ ಮೀನಿನದ್ದು ಇನ್ನೊಂದ್ಸಲ ಹೇಳು” ಎನ್ನುತ್ತಾಳೆ. ಹೇಳುತ್ತೇನೆ. ಮೊನ್ನೆ ಎಲ್ಲ ಕೇಳಿ ಮುಗಿಸಿ, ಏನೋ ಹೊಳೆದವಳ ಹಾಗೆ ನನ್ನ ಎದೆಯ ಮೇಲೆ ಕೈಯಿಟ್ಟು ಕೇಳಿದಳು. “ಅಷ್ಟು ಆಳದಲ್ಲಿ ನಿನಗೆ ಗಾಳಿ ಸಾಕಾಯ್ತಾ ಮಗಾ?”

“ಇತ್ತು ಅಮ್ಮ,” ಎಂದೆ. “ವಾಪಸು ಬರುವಾಗಲೂ ಸಿಲಿಂಡರು ತುಂಬಿತ್ತು.”

ನೇತ್ರಾಣಿಯ ಬಗ್ಗೆ ನಾನು ಅವಳಿಗೆ ಹೇಳಿದ ನಿಜ ಅದೊಂದೇ.